ಗೋಡೆಯಾಚೆ ಹಾಡಿದ ಕಂಡಕ್ಟರಣ್ಣ

ಮೊನ್ನೆ ಹುಣಸೂರಿನ ಸಂತೆಗೆ ಹೋಗಿದ್ದಾಗ ಒಂದು ತಳ್ಳುಗಾಡಿಯ ಮೇಲೆ ಬ್ಲೂಟೂತ್ ಸ್ಪೀಕರ್ ಒಂದು ಕಣ್ಣಿಗೆ ಬಿತ್ತು. ತೆಂಗಿನ ಚಿಪ್ಪಿನಷ್ಟು ಗಾತ್ರ, ನೀಲಿ ಬಣ್ಣ, ಮುಂದೆ ಜಾಲರಿ, ಮೊಳೆಗೆ ನೇತುಹಾಕಲು ಒಂದು ದಾರ. ಚಾರ್ಜರು, ಇಯರ್‌ಫೋನು, ಮೊಬೈಲ್ ಕವರುಗಳ ನಡುವೆ ಅಂಥವು ರಾಶಿ ಬಿದ್ದಿದ್ದವು. ಗಾಡಿಯವನು ಯಾರಿಗೋ ತೋರಿಸಲೆಂದು ಒಂದರ ಗುಂಡಿ ಒತ್ತಿದ. ಒಳಗಿನಿಂದ ಒಂದು ಹೆಣ್ಣುದನಿ ಮೂಗಿನಲ್ಲಿ ಇಂಗ್ಲಿಷಿನಂಥದ್ದೇನೋ ಹೇಳಿ, ಟುಂಯ್ ಎಂದು ಸುಮ್ಮನಾಯಿತು. ನಾನು ಸೊಪ್ಪಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಏನ್ ಬೇಕಕ್ಕ?" ಎಂದ ಗಾಡಿಯವನು.

"ಏನಿಲ್ಲ" ಎಂದು ಮುಂದಕ್ಕೆ ಬಂದೆ. ಆದರೆ ಮನೆ ಸೇರುವವರೆಗೂ ಕಂಡಕ್ಟರಣ್ಣನದೇ ನೆನಪು...

ಅವರು ನಮ್ಮ ಪಕ್ಕದ ಮನೆಯವರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ನಮ್ಮದೂ ಅವರದೂ ಒಂದೇ ಮಾಡಿನ ಜೋಡಿಮನೆ, ನಡುವೆ ಒಂದಿಟ್ಟಿಗೆ ದಪ್ಪದ ಗೋಡೆ. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ನಾವು ಒಗ್ಗರಣೆ ಹಾಕಿದರೆ ಅವರಿಗೆ ಸೀನು ಬರುತ್ತಿತ್ತು. ಹಿತ್ತಿಲು ಎರಡೂ ಮನೆಗೆ ಸೇರಿದ್ದು, ಅದರಲ್ಲಿ ಒಂದು ಒಗೆಯುವ ಕಲ್ಲು.

ಎತ್ತರದ ಆಳು. ಬಸ್ಸಿನ ಬಾಗಿಲಲ್ಲಿ ತಲೆ ತಗ್ಗಿಸಿಯೇ ನಿಲ್ಲಬೇಕಿತ್ತು. ದನಿ ಮಾತ್ರ ಯಾವತ್ತೂ ತಗ್ಗುತ್ತಿರಲಿಲ್ಲ. ಹಿಂದಿನ ಸೀಟಿನ ಮುದುಕಿಗೂ ಇಂಜಿನ್ ಪಕ್ಕ ಒತ್ತಿಕೊಂಡು ಕೂತವರಿಗೂ ಒಂದೇ ಸಮ ಕೇಳುವ ದನಿ. ಹೆಂಗಸರೆಲ್ಲ ಅವರಿಗೆ "ತಾಯೀ". "ಮುಂದಕ್ಕೋಗಿ ತಾಯೀ, ಮಗೀಗ್ ಜಾಗ ಕೊಡಿ ತಾಯೀ" ಎನ್ನುತ್ತಲೇ ಹೊಗೆಸೊಪ್ಪಿನ ರೇಟು, ಯಾರ ಮಗಳಿಗೆ ಎಲ್ಲಿಂದ ಗಂಡು ಬಂದಿದೆ, ಕಟ್ಟೆಮಳಲವಾಡಿಯ ನಾಲೆಯಲ್ಲಿ ನೀರು ಬಿಟ್ಟಿದ್ದಾರೋ ಇಲ್ಲವೋ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಡ್ರೈವರು ಹಾಡು ಹಾಕಿದರೆ ಅವರಿಗೆ ಆಗುತ್ತಿರಲಿಲ್ಲ. "ನಾನಿರೋವಾಗ ಅದ್ಯಾಕ್ರೀ?" ಎನ್ನುತ್ತಿದ್ದರು.

ನನ್ನ ತವರು ಚುಂಚನಕಟ್ಟೆಯ ಹತ್ತಿರದ ಹಳ್ಳಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನವ್ವ ಹಾಸಿಗೆ ಹಿಡಿದಿದ್ದಳು. ಕಂಡಕ್ಟರಣ್ಣನ ಬಸ್ಸಿನಲ್ಲಿ ಹೋಗಿ, ಅವಳಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಅದೇ ಬಸ್ಸು ಹಿಂದಕ್ಕೆ ಬರುವಷ್ಟರಲ್ಲಿ ಓಡಿ ಬಂದು ಹತ್ತಬೇಕಿತ್ತು. ಗದ್ದೆಯ ಬದುವಿನ ಮೇಲೆ ನಾನು ಸೀರೆ ಎತ್ತಿಕೊಂಡು ಓಡಿ ಬರುವುದು ಕಂಡರೆ ಅವರು ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದರು. ಒಳಗೆ ಯಾರಾದರೂ ಗೊಣಗಿದರೆ, "ಅವ್ವನ್ನ ನೋಡ್ಕಂಡ್ ಬತ್ತಾವ್ಳೆ ಕಣ್ರೀ. ನಿಮ್ಮನೇಲಿ ಆಲೇನ್ ಉಕ್ಕೋಗಲ್ಲ, ಕೂತ್ಕಳಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವ್ವ ತೀರಿಕೊಂಡ ದಿನ ಬಸ್ಸು ಹತ್ತಿದ ನನ್ನ ಮುಖ ನೋಡಿ ಅವರು ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ನನ್ನ ಪಕ್ಕದ ಸೀಟಿಗೆ ಯಾರನ್ನೂ ಕೂರಗೊಡಲಿಲ್ಲ. ಅಷ್ಟು ಹೊತ್ತು ಅವರು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ... ಅವರು ಚೆನ್ನಾಗಿದ್ದ ಕಾಲದಲ್ಲಿ.

ಅವರ ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೂ ನನ್ನ ಅತ್ತೆಗೂ ಮಾತಿರಲಿಲ್ಲ. ಹಿತ್ತಿಲಲ್ಲಿ ಅತ್ತೆ ಬಟ್ಟೆ ಒಗೆದ ಸೋಪಿನ ನೀರು ಹರಿದು ಅಕ್ಕನ ಬದನೆ ಗಿಡಗಳೆಲ್ಲ ಸುಟ್ಟುಹೋಗಿದ್ದವು. ಅಕ್ಕ ಒಂದು ಮಾತಂದರು, ಅತ್ತೆ ಹತ್ತು ಅಂದರು. ಆಮೇಲೆ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ನೆಲ. ನಾನು ಮಾತ್ರ ಅತ್ತೆಯ ಕಣ್ಣು ತಪ್ಪಿಸಿ ಅಕ್ಕನ ರವಿಕೆ ಹೊಲಿದುಕೊಡುತ್ತಿದ್ದೆ. ನನ್ನದು ಹೊಲಿಗೆ ಕೆಲಸ. ಮಿಷನ್ನು ಇದ್ದದ್ದು ಆ ನಡುಗೋಡೆಗೆ ಒತ್ತಿಕೊಂಡೇ.

ಒಂದು ಬೆಳಗ್ಗೆ ಡ್ಯೂಟಿಗೆಂದು ಹೊರಟ ಕಂಡಕ್ಟರಣ್ಣ ಲಕ್ವ ಹೊಡೆದು ಬಾಗಿಲಲ್ಲೇ ಕುಸಿದುಬಿದ್ದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇದ್ದು ಮನೆಗೆ ಬಂದಾಗ ಬಲಗೈ, ಬಲಗಾಲು ಅವರದ್ದಾಗಿ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೆ ಬೇರೆ ಮಾತು. ಒಂದು ಪದ ಉಳಿದಿತ್ತು. ಬಸ್ಸು ಹೊರಡಲಿ ಎಂದು ಡ್ರೈವರಿಗೆ ದಿನವೂ ಕೂಗಿ ಹೇಳುತ್ತಿದ್ದ "ರೈಟ್".

ಬಾಯಾರಿದರೆ "ರೈಟ್". ನೋವಾದರೆ "ರೈಟ್". ಬೇಡ ಎನ್ನಲಿಕ್ಕೂ "ರೈಟ್", ಕಣ್ಣಲ್ಲಿ ನೀರು ತುಂಬಿಕೊಂಡರೂ "ರೈಟ್, ರೈಟ್". ನೋಡಲು ಬಂದವರು ಮೊದಲು ನಗುತ್ತಿದ್ದರು, ಆಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಕಾಫಿ ಲೋಟದೊಳಗೆ ನೋಡುತ್ತಿದ್ದರು. ಹೊರಗೆ ಬಂದು, "ಪಾಪ, ತಲೆ ನಿಂತೋಗದೆ. ಯಾರು ಏನು ಅಂತ ಗೊತ್ತಾಯ್ತಾ ಇಲ್ಲ" ಎನ್ನುತ್ತಿದ್ದರು. ಅಕ್ಕ ಒಪ್ಪುತ್ತಿರಲಿಲ್ಲ. "ಎಲ್ಲಾ ಗೊತ್ತಾಯ್ತದೆ. ಅವ್ರು ಒಳಗವ್ರೆ ಕಣವ್ವ. ಬಾಗ್ಲು ತಗೆಯಕ್ ಆಗ್ತಿಲ್ಲ ಅಷ್ಟೆಯಾ" ಎಂದು ಒಂದು ದಿನ ನನ್ನ ಹತ್ತಿರ ಹೇಳಿದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು, ನಾನಾದರೂ ನಂಬುತ್ತೇನೋ ಎಂದು.

ಬರುಬರುತ್ತ ಕಂಡಕ್ಟರಣ್ಣ "ರೈಟ್" ಎನ್ನುವುದನ್ನೂ ಕಡಿಮೆ ಮಾಡಿದರು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅನ್ನ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುತ್ತಿದ್ದರು. ಅವರ ಮಗಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅಪ್ಪನಿಗೆ ಬೇಸರ ಕಳೆಯಲೆಂದು ಒಂದು ಸಲ ಊರಿಗೆ ಬಂದಾಗ ಸಂತೆಯಿಂದ ಒಂದು ಬ್ಲೂಟೂತ್ ಸ್ಪೀಕರ್ ತಂದುಕೊಟ್ಟಳು. ಅವಳ ಮೊಬೈಲಿನಿಂದ ಒಂದಿಷ್ಟು ವಾರ್ತೆ, ಒಂದಿಷ್ಟು ಪ್ರವಚನ ಹಾಕಿದಳಂತೆ. ಅವರು ತಿರುಗಿಯೂ ನೋಡಲಿಲ್ಲವಂತೆ. ಅವಳು ಹಾಸ್ಟೆಲ್ಲಿಗೆ ಹೊರಟುಹೋದ ಮೇಲೆ ಸ್ಪೀಕರ್ ಅಲ್ಲೇ ಮಂಚದ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅಕ್ಕನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ಇದೆಲ್ಲ ಬರುತ್ತಿರಲಿಲ್ಲ. ಆದರೂ ಮಗಳು ಹೇಳಿದ ಹಾಗೆ ದಿನವೂ ಚಾರ್ಜಿಗೆ ಹಾಕಿ, ಗುಂಡಿ ಒತ್ತಿ ಇಡುತ್ತಿದ್ದರು.

ಅಂಥದ್ದೇ ಒಂದು ಸ್ಪೀಕರ್ ನನ್ನ ಹತ್ತಿರವೂ ಇತ್ತು, ಅದೇ ಸಂತೆಯದು. ಮಿಷನ್ ತುಳಿಯುವಾಗ ಹಾಡು ಕೇಳುವುದು ನನಗೊಂದು ಚಟ. ಒಂದು ದಿನ ಬೆಳಗ್ಗೆ ಮೊಬೈಲ್ ತೆಗೆದು ನೋಡಿದರೆ ಬ್ಲೂಟೂತಿನಲ್ಲಿ ಸ್ಪೀಕರಿನ ಹೆಸರು ಎರಡು ಸಲ ಬಂದಿತ್ತು. ಯಾವುದಾದರೇನು ಎಂದು ಮೇಲಿನದನ್ನು ಒತ್ತಿ, ಒಂದು ಹಳೆಯ ಸಿನಿಮಾದ ಹಾಡು ಹಾಕಿದೆ. ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಕೇಳಿ ಕೇಳಿ ಈ ಕಡೆಯ ಜನಕ್ಕೆಲ್ಲ ಬಾಯಿಪಾಠವಾಗಿದ್ದ ಹಾಡು. ನನ್ನ ಸ್ಪೀಕರಿನಿಂದ ಸದ್ದೇ ಇಲ್ಲ. ದನಿ ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಗೋಡೆಯಾಚೆಯಿಂದ ಹಾಡು ಗುಡುಗಿದ ಹಾಗೆ ಕೇಳಿಸಿತು.

ಕಾಯಿಲೆಯ ಮನುಷ್ಯ ಮಲಗಿರುವ ಮನೆ! ಆತುರದಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಅಕ್ಕ ನಮ್ಮ ಬಾಗಿಲಿಗೆ ಓಡಿಬಂದರು. ಶಾಲೆಗೆ ಹೊರಟವರು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಬೈಯುತ್ತಾರೆ ಅಂದುಕೊಂಡು, "ಗೊತ್ತಾಗ್ಲಿಲ್ಲ ಅಕ್ಕ, ತಪ್ಪಾಗಿ ನಿಮ್ಮದಕ್ಕೆ ಹೋಗ್ಬುಡ್ತು..." ಎಂದು ಶುರುಮಾಡಿದೆ.

"ನಿಲ್ಲುಸ್ಬೇಡ! ಯಾಕ್ ನಿಲ್ಲುಸ್ದೆ? ಹಾಕು, ಅದ್ನೇ ಹಾಕು ಇನ್ನೊಂದ್ಸಲ!"

ಹಾಕಿದೆ. ಇಬ್ಬರೂ ಅವರ ಮನೆಯೊಳಗೆ ಹೋಗಿ ಬಾಗಿಲ ಹತ್ತಿರ ನಿಂತೆವು. ಕಂಡಕ್ಟರಣ್ಣ ಗೋಡೆಯ ಕಡೆಯಿಂದ ಈ ಕಡೆ ತಿರುಗಿದ್ದರು. ಮೊದಲು ಗುನುಗಿದಂತೆ ಇತ್ತು. ಆಮೇಲೆ ತುಟಿ ಅಲ್ಲಾಡಿತು. ಪಲ್ಲವಿ ಎರಡನೇ ಸಲ ಬಂದಾಗ ಅವರು ಹಾಡುತ್ತಿದ್ದರು. ಶ್ರುತಿ ಎಲ್ಲೋ, ತಾಳ ಎಲ್ಲೋ. ಆದರೆ ಪದ, ಪದಗಳು ಬರುತ್ತಿದ್ದವು, ಒಂದರ ಹಿಂದೊಂದು, ನೆಟ್ಟಗೆ. ಹಾಡು ಮುಗಿಯಿತು. ಅಕ್ಕ ಮಂಚದ ಹತ್ತಿರ ಕೂತು, "ಏನ್ರೀ, ಎಂಗಿದ್ದೀರಿ? ಒಂದ್ ಮಾತೇಳಿ" ಎಂದರು.

ಅವರು ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು. "ರೈಟ್" ಎಂದರು. ಮತ್ತೆ ಪ್ರಯತ್ನಪಟ್ಟು, "ರೈಟ್..." ಎಂದು ಎಡಗೈಯಿಂದ ಹಣೆ ಬಡಿದುಕೊಂಡರು. ಅಕ್ಕ ಆ ಕೈ ಹಿಡಿದುಕೊಂಡು ಅತ್ತರು, ಅಳುತ್ತಲೇ ನಕ್ಕರು. "ನಾನ್ ಏಳ್ಲಿಲ್ವಾ? ಒಳಗವ್ರೆ ಅಂತ?"

ಮುಂದಿನ ವಾರ ಅಕ್ಕ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಮಾತು ಕಲಿಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, ಇದು ಕೆಲವರಲ್ಲಿ ಆಗುತ್ತದೆ ಎಂದರು. ಮಾತಿಗೆ ತಲೆಯಲ್ಲಿ ಒಂದು ಜಾಗ, ರಾಗಕ್ಕೆ ಇನ್ನೊಂದು ಜಾಗ. ಇವರಿಗೆ ಪೆಟ್ಟಾಗಿರುವುದು ಮಾತಿನ ಕಡೆ. ದಿನಕ್ಕೆ ಬೇಕಾಗುವ ಚಿಕ್ಕ ಚಿಕ್ಕ ಮಾತುಗಳನ್ನು ಅವರಿಗೆ ಚೆನ್ನಾಗಿ ಗೊತ್ತಿರುವ ರಾಗಕ್ಕೆ ಹಾಕಿ ಹೇಳಿಸಿ, ಬೇಜಾರಾಗದ ಹಾಗೆ ಮತ್ತೆ ಮತ್ತೆ ಹೇಳಿಸಿ ಎಂದರು. "ಪೂರ್ತಿ ಬರುತ್ತೆ ಅಂತ ನಾನು ಮಾತು ಕೊಡಲ್ಲ" ಎಂದೂ ಸೇರಿಸಿದರು. ಅಕ್ಕ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆಗಲೇ ಯಾವ ರಾಗ ಎಂದು ಯೋಚಿಸುತ್ತಿದ್ದರು.

ಕೊನೆಗೆ ಅವರು ಹಿಡಿದದ್ದು ಜೋಗುಳದ ಧಾಟಿ. ಮಗಳು ಚಿಕ್ಕವಳಿದ್ದಾಗ ತೊಟ್ಟಿಲು ತೂಗುತ್ತ ಗಂಡ ಹೆಂಡತಿ ಇಬ್ಬರೂ ಹೇಳುತ್ತಿದ್ದದ್ದು. ಆ ಧಾಟಿಗೆ ನಾನೂ ಅಕ್ಕನೂ ಕೂತು ಮಾತು ಹೊಂದಿಸಿದೆವು. "ನೀರೂ ಬೇಕೂ", "ಕಾಲೂ ನೋವೂ", "ಬಾರೇ ಇಲ್ಲೀ", "ಸಾಕೂ ಊಟ". ಹೊಂದಿಸುವಾಗ ನಗು ಬಂದು ಹೊಟ್ಟೆ ಹಿಡಿದುಕೊಂಡದ್ದೂ ಉಂಟು. ಆದರೆ ಅಕ್ಕ ಬೆಳಗ್ಗೆ ಶಾಲೆಗೆ ಹೋದರೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ಅಷ್ಟು ಹೊತ್ತು ಕಂಡಕ್ಟರಣ್ಣ ಒಬ್ಬರೇ. ಅದಕ್ಕೇ ಅಕ್ಕನ ದನಿಯನ್ನು ನನ್ನ ಮೊಬೈಲಿನಲ್ಲಿ ಹಿಡಿದಿಟ್ಟೆ. ಒಂದು ಮಾತು ಹಾಡುವುದು, ಆಮೇಲೆ ಕಂಡಕ್ಟರಣ್ಣ ತಿರುಗಿ ಹಾಡಲಿ ಎಂದು ಸ್ವಲ್ಪ ಹೊತ್ತು ಸುಮ್ಮನಿರುವುದು, ಮತ್ತೆ ಮುಂದಿನ ಮಾತು.

ಅವತ್ತಿನಿಂದ ಅದು ನನ್ನ ದಿನಚರಿಯಾಯಿತು. ಮಿಷನ್ನಿನ ಮುಂದೆ ಕೂತು ಮೊಬೈಲ್ ಒತ್ತಿದರೆ ಗೋಡೆಯಾಚೆ ಅಕ್ಕನ ದನಿ. ಹಿಂದೆಯೇ ಅವರ ದನಿ, ಮೊದಮೊದಲು ತೊದಲು, ಅರ್ಧ, ಕಾಲು. ಎತ್ತರದ ಆಳು, ಒಂದು ಕಾಲದಲ್ಲಿ ಇಡೀ ಬಸ್ಸನ್ನು ಗದರಿಸುತ್ತಿದ್ದವರು, ಜೋಗುಳದ ಧಾಟಿಯಲ್ಲಿ ನೀರು ಕೇಳಲು ಅವರಿಗೆ ನಾಚಿಕೆಯಾಗುತ್ತಿತ್ತು. ಯಾರಾದರೂ ಮನೆಗೆ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದರು. ಗೋಡೆಯ ಈಚೆ ಇದ್ದ ನಾನು ಕಣ್ಣಿಗೆ ಕಾಣದವಳು, ಆದ್ದರಿಂದ ನನ್ನೆದುರು ಸಂಕೋಚವಿರಲಿಲ್ಲ. ಒಂದು ಮಾತು ಸರಿಯಾಗಿ ಬಂದರೆ ನಾನು ಗೋಡೆ ತಟ್ಟುತ್ತಿದ್ದೆ. ಆ ಕಡೆಯಿಂದ "ರೈಟ್!" ಎಂದು ಕೂಗು. ಪಾಠ ಮುಗಿದ ಮೇಲೆ ಅವರಿಗೆಂದೇ ಒಂದೆರಡು ಹಳೆಯ ಹಾಡು ಹಾಕುತ್ತಿದ್ದೆ.

ಅತ್ತೆಗೆ ಇದು ಹಿಡಿಸಲಿಲ್ಲ. "ನಮ್ ಕರೆಂಟು, ನಮ್ ಮೊಬೈಲು, ಹಾಡು ಮಾತ್ರ ಅವರ್ಮನೇಲಿ. ಚೆನ್ನಾಗದೆ ಕಣ್ಲಾ ನಿನ್ನೆಡ್ತಿ ಸಂಸಾರ" ಎಂದು ನನ್ನ ಯಜಮಾನರ ಮುಂದೆ ಗೊಣಗುತ್ತಿದ್ದಳು. ಅವರು ಕೇಳಿಸದವರಂತೆ ಎದ್ದು ಹೋಗುತ್ತಿದ್ದರು.

ಹೀಗೆ ಕೆಲವು ತಿಂಗಳು ಕಳೆದವು. ಕಲಿಸಿದ ಮಾತುಗಳು ಹತ್ತಿಪ್ಪತ್ತು ಬರುತ್ತಿದ್ದವು, ಅದೂ ರಾಗದಲ್ಲಿ ಮಾತ್ರ. ಸ್ವಂತದ ಒಂದು ಮಾತೂ ಬಂದಿರಲಿಲ್ಲ. ಅಕ್ಕ ಬಾಯಿಬಿಟ್ಟು ಹೇಳದಿದ್ದರೂ ಅದು ಅವರನ್ನು ಕೊರೆಯುತ್ತಿತ್ತೆಂದು ನನಗೆ ಗೊತ್ತು. "ಗಿಳೀಗ್ ಕಲ್ಸ್ದಂಗಾಯ್ತಾ ಅಂತ?" ಎಂದು ಒಂದು ಸಂಜೆ ಕೇಳಿದ್ದರು.

ಮದುವೆಗಳ ಕಾಲ. ನನ್ನ ಮುಂದೆ ರವಿಕೆ ಬಟ್ಟೆಗಳ ರಾಶಿ. ಆ ಮಧ್ಯಾಹ್ನ ಪಾಠ ಮುಗಿದಿತ್ತು, ಹಾಡೂ ಮುಗಿದಿತ್ತು. ಅಕ್ಕ ಹೋಗುವ ಮುಂಚೆ ಕಂಡಕ್ಟರಣ್ಣನನ್ನು ಹಿತ್ತಿಲ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದರು, ಹೊರಗಿನ ಗಾಳಿ ಬೆಳಕು ಸಿಗಲಿ ಎಂದು. ನಾನು ಮಿಷನ್ ತುಳಿಯುತ್ತಿದ್ದೆ. ಆ ಕಡೆಯಿಂದ "ರೈಟ್! ರೈಟ್!" ಎಂದು ಕೇಳಿಸಿತು. ನಾನು ಅಷ್ಟಾಗಿ ಗಮನಿಸಲಿಲ್ಲ. ಕಾಗೆ ಬಂದರೂ ಅವರು ಹಾಗೆ ಕೂಗುತ್ತಿದ್ದರು. ಕೂಗು ಜೋರಾಯಿತು. ಆಮೇಲೆ ನಿಂತಿತು.

ಸ್ವಲ್ಪ ಹೊತ್ತಿಗೆ ಜೋಗುಳದ ಧಾಟಿ ಕೇಳಿಸಿತು. "ಬಾರೇ ಇಲ್ಲೀ... ಬಾರೇ ಇಲ್ಲೀ..."

ನಾನೇ ಪಾಠ ಹಾಕಿಬಿಟ್ಟೆನೇನೋ ಎಂದು ಮೊಬೈಲ್ ನೋಡಿದೆ. ಇಲ್ಲ, ಅದು ಸುಮ್ಮನಿತ್ತು. ಅವರೇ ಹಾಡುತ್ತಿದ್ದರು. ಅಭ್ಯಾಸ ಮಾಡುತ್ತಿದ್ದಾರೆ ಎಂದು ಖುಷಿಯಾಗಿ ಗೋಡೆ ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಪದ ಬದಲಾಯಿತು.

"ತಾಯೀ ಬಾರೇ... ತಾಯೀ ಬಾರೇ..."

ಎತ್ತಿದ ಕೈ ಹಾಗೇ ನಿಂತಿತು. "ತಾಯೀ" ಎಂದು ನಾವು ಹೇಳಿಕೊಟ್ಟಿರಲಿಲ್ಲ. ಅದು ಅವರ ಬಸ್ಸಿನ ಮಾತು.

"ತಾಯೀ ಬಾರೇ... ಅತ್ತೇ... ಅತ್ತೇ ಬಿದ್ಲೂ..."

ಮಿಷನ್ ಬಿಟ್ಟು ಹಿತ್ತಿಲಿಗೆ ಓಡಿದೆ. ಒಗೆಯುವ ಕಲ್ಲಿನ ಪಕ್ಕದ ಪಾಚಿಯಲ್ಲಿ ಅತ್ತೆ ಮಗ್ಗುಲಾಗಿ ಬಿದ್ದಿದ್ದಳು. ಬಕೆಟ್ಟು ಉರುಳಿತ್ತು. ಉಸಿರು ಕಟ್ಟಿ ಅವಳ ಬಾಯಿಂದ ಸಣ್ಣ ಮುಲುಕು ಬಿಟ್ಟರೆ ಸದ್ದೇ ಬರುತ್ತಿರಲಿಲ್ಲ. ಕಾಲು ವಿಚಿತ್ರವಾಗಿ ಹೊರಳಿತ್ತು, ಹಣೆ ಒಡೆದು ರಕ್ತ ಸೋಪಿನ ನೀರಿಗೆ ಸೇರಿ ಹರಿಯುತ್ತಿತ್ತು. ಕಿಟಕಿಯಲ್ಲಿ ಕಂಡಕ್ಟರಣ್ಣ. ಎಡಗೈಯಿಂದ ಸರಳು ಹಿಡಿದು ಅರ್ಧ ಎದ್ದು ನಿಂತಿದ್ದರು. ಮುಖವೆಲ್ಲ ಬೆವರು. ನಾನು ಬಂದದ್ದು ಕಂಡ ಮೇಲೂ ಹಾಡು ನಿಲ್ಲಿಸಿರಲಿಲ್ಲ. ಬಹುಶಃ ನಿಲ್ಲಿಸಿದರೆ ಮಾತು ಮತ್ತೆ ಕೈಕೊಡುತ್ತದೆಂಬ ಭಯ. "ಬಂದೆ ಅಣ್ಣ, ಬಂದೆ, ನೋಡ್ದೆ" ಎಂದು ನಾನು ಕೂಗಿದ ಮೇಲೆ ಕುರ್ಚಿಗೆ ಕುಸಿದು ಕೂತರು.

ಬೀದಿಯವರು ಸೇರಿ ಅತ್ತೆಯನ್ನು ಆಟೋಗೆ ಹಾಕಿದರು. ಸೊಂಟದ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ರಕ್ತ ಬಹಳ ಹೋಗಿತ್ತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ನೋವಿನ ಮಂಪರಿನಲ್ಲಿ ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಕೂಗ್ದೋರು ಯಾರೇ?" ನಾನು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. "ಅವ್ನಿಗ್ ಮಾತಿಲ್ವಲ್ಲೇ" ಎಂದಳು.

"ಹಾಡಿದ್ರು ಅತ್ತೆ."

ಅಕ್ಕನಿಗೆ ಸುದ್ದಿ ಮುಟ್ಟಿದಾಗ ಅವರು ಮೊದಲು ಕೇಳಿದ್ದು ಅತ್ತೆಯ ಕ್ಷೇಮ. ಎರಡನೆಯದು, "ಏನಂದ್ರು? ಅವ್ರು ಏನಂದ್ರು, ಅಂಗಂಗೇ ಏಳು." ನಾನು ಧಾಟಿಯ ಸಮೇತ ಹೇಳಿದೆ. ಮತ್ತೆ ಹೇಳಿಸಿದರು. ಮೂರನೆಯ ಸಲವೂ ಹೇಳಿಸಿದರು.

ವಾಕರ್ ಹಿಡಿದು ನಡೆಯುವ ಹಾಗಾದ ಮೇಲೆ ಅತ್ತೆ ತಾನಾಗಿಯೇ ಹೋಗಿ ಅವರ ಹೊಸ್ತಿಲ ಮುಂದೆ ನಿಂತಳು. ಅಕ್ಕ ಒಳಗಿನಿಂದ ನೋಡಿದರು.

"ಒಳಿಕ್ ಬರ್ಲಾ?" ಎಂದಳು ಅತ್ತೆ.

"ಬಾಗ್ಲೇನ್ ಮುಚ್ಚಿಲ್ವಲ್ಲ. ಬನ್ನಿ. ನೋಡ್ಕಂಡ್, ಹೊಸ್ಲು ಎಡವೀರಿ."

ಅತ್ತೆ ಹೋಗಿ ಮಂಚದ ಎದುರಿನ ಕುರ್ಚಿಯಲ್ಲಿ ಕೂತಳು. ಬದನೆ ಗಿಡದ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಕಂಡಕ್ಟರಣ್ಣನನ್ನು ಮೇಲಿಂದ ಕೆಳಗೆ ನೋಡಿ, "ನಂಗೆ ಕಾಲಿಲ್ಲ, ನಿಂಗೆ ಬಾಯಿಲ್ಲ. ಇಬ್ರೂ ಸೇರುದ್ರೆ ಒಂದಾಳ್ ಆಗ್ಬೋದು ಬುಡು" ಎಂದಳು.

"ರೈಟ್!" ಎಂದರು ಅವರು. ಕಾಯಿಲೆ ಬಿದ್ದ ಮೇಲೆ ಅವರು ಬಾಯ್ತುಂಬ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಆಮೇಲೆ ಮಧ್ಯಾಹ್ನಗಳೆಲ್ಲ ಅತ್ತೆಯವು. ನಾನು ಗೋಡೆಯ ಈಚೆಯಿಂದ ಪಾಠ ಹಾಕಿದರೆ ಅತ್ತೆ ಅಲ್ಲಿ ಕೂತು ತಿದ್ದುತ್ತಿದ್ದಳು. ಅವಳಿಗೆ ಸೋಬಾನೆ ಪದಗಳ ಹುಚ್ಚು. ನನ್ನ ಪಾಠ ಸಾಲದೆಂದು ತನ್ನದೇ ಧಾಟಿಗಳನ್ನು ತೆಗೆದಳು. ನಾಚಿಕೆಯ ಕಂಡಕ್ಟರಣ್ಣ ಅವಳ ಮುಂದೆ ನಾಚಲಿಲ್ಲ. ಎಲೆಅಡಿಕೆ ಬೇಕೆಂದು ಒಂದು ಧಾಟಿ, ಫ್ಯಾನು ಆರಿಸೆಂದು ಇನ್ನೊಂದು. ಕೆಲವು ಸಲ ಇಬ್ಬರೂ ಸೇರಿ ನಾನು ಹಾಕಿದ ಹಾಡನ್ನು ಮುಳುಗಿಸಿಬಿಡುತ್ತಿದ್ದರು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಈ ಮನೆಯಲ್ಲಿ ಏನು ನಡೆದಿದೆ ಎಂದು.

ಒಂದು ದಿನದ್ದು ಮಾತ್ರ ಮರೆಯಲಾರೆ. ಅಕ್ಕ ಶಾಲೆಯಿಂದ ಬಂದರು. ಅವತ್ತು ಸಹಾಯಕ್ಕೆ ಇದ್ದವಳು ಬಂದಿರಲಿಲ್ಲವಂತೆ, ದೊಡ್ಡ ಹಂಡೆಯ ಸಾರು ಒಬ್ಬರೇ ಇಳಿಸಿ ಕೈ ಕೆಂಪಾಗಿತ್ತು. ಬಂದವರೇ ಸೆರಗು ಸಿಕ್ಕಿಸಿ, ಗಂಡನಿಗೆ ಬಿಸಿನೀರು ಕಾಯಿಸಲು ಒಳಗೆ ಹೋಗುತ್ತಿದ್ದರು. ನಾನೂ ಅತ್ತೆಯೂ ಅಲ್ಲೇ ಇದ್ದೆವು. ಕಂಡಕ್ಟರಣ್ಣ ಎಡಗೈ ಚಾಚಿ ಅವರ ಸೀರೆಯ ಅಂಚು ಹಿಡಿದರು.

"ನೀರಾ? ತತ್ತೀನಿ ತಡೀರಿ."

ಅವರು ತಲೆ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಧಾಟಿ ಹುಡುಕಿದರು. ತುಟಿ ಒಂದೆರಡು ಸಲ ಬರಿದೇ ಆಡಿತು. ಆಮೇಲೆ ಬಂತು, ಮೆಲ್ಲಗೆ, ಮಗು ಏಳಬಾರದೆಂದು ತೊಟ್ಟಿಲ ಪಕ್ಕ ಹೇಳುವ ಹಾಗೆ.

"ಕೂತ್ಕೋ... ಕೂತ್ಕೋ... ಸಾಕೂ ಕೆಲ್ಸ..."

ಅಕ್ಕ ನಿಂತಲ್ಲೇ ನಿಂತರು. ಯಾರೂ ಕಲಿಸಿರದ ಮಾತು. ಅಷ್ಟು ವರ್ಷದ ಸಂಸಾರದಲ್ಲಿ, ನಾಲಿಗೆ ಚೆನ್ನಾಗಿದ್ದ ಕಾಲದಲ್ಲೂ ಅವರು ಹಾಗೆ ಹೇಳಿರಲಿಲ್ಲ ಎಂದು ಅಕ್ಕ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಅವತ್ತು ಹೋಗಿ ಮಂಚದ ಅಂಚಿಗೆ ಕೂತರು. ಅತ್ತೆ ನನಗೆ ಕಣ್ಸನ್ನೆ ಮಾಡಿದಳು. ಇಬ್ಬರೂ ಎದ್ದು ಬಂದೆವು. ಮನೆಗೆ ಬಂದು ನಾನು ಮೊಬೈಲಿನಿಂದ ಯಾವುದೋ ಹಳೆಯ ಹಾಡನ್ನು, ದನಿ ತೀರ ತಗ್ಗಿಸಿ, ಆ ಕಡೆಗೆ ಕಳಿಸಿದೆ. ಕೇಳಿಸಿತೋ ಇಲ್ಲವೋ...

ಅವರು ಅದಾದ ಮೇಲೆ ಎರಡು ವರ್ಷವಿದ್ದರು. ಮಗಳ ಮದುವೆ ಪಿರಿಯಾಪಟ್ಟಣದ ಕಡೆಗೆ ಆಯಿತು, ಅದನ್ನು ನೋಡಿದರು. ಪೂರ್ತಿ ಮಾತು ಬರಲಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜವೇ ಆಯಿತು. ಆದರೆ ಬೇಕಾದದ್ದನ್ನು ಕೇಳುತ್ತಿದ್ದರು, ಬೇಡವಾದದ್ದನ್ನು ಬೇಡವೆನ್ನುತ್ತಿದ್ದರು, ಅತ್ತೆಯ ಜೊತೆ ಜಗಳವನ್ನೂ ಹಾಡಿನಲ್ಲೇ ಆಡುತ್ತಿದ್ದರು. ಆಮೇಲೆ ಒಂದು ಮುಂಜಾನೆ ಮತ್ತೆ ಅದೇ ಕಾಯಿಲೆ ಹೊಡೆಯಿತು. ಆಸ್ಪತ್ರೆಗೆ ಹೋದವರು ಜೀವಂತವಾಗಿ ಹಿಂದಕ್ಕೆ ಬರಲಿಲ್ಲ. ಅಂಗಳದಲ್ಲಿ ಮಲಗಿಸಿದ್ದಾಗ ಅತ್ತೆ ವಾಕರ್ ಬದಿಗಿಟ್ಟು ನೆಲದ ಮೇಲೇ ಕೂತಳು. ಕೂತರೆ ಏಳಲಾಗುವುದಿಲ್ಲ ಎಂದು ಎಲ್ಲರೂ ಹೇಳಿದರೂ ಕೇಳಲಿಲ್ಲ. ಅಕ್ಕನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಅಲ್ಲೇ ಇದ್ದಳು.

ಈಗ ಅಕ್ಕ ಪಿರಿಯಾಪಟ್ಟಣದಲ್ಲಿ ಮಗಳ ಜೊತೆ ಇದ್ದಾರೆ. ಪಕ್ಕದ ಮನೆಗೆ ಯಾರೋ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದಾರೆ. ಒಳ್ಳೆಯ ಜನ, ಗೋಡೆಯಾಚೆ ಇದ್ದಾರೋ ಇಲ್ಲವೋ ಎನ್ನುವಷ್ಟು ಮೆತ್ತಗಿನವರು. ಸಂತೆಯಿಂದ ಬಂದ ಅವತ್ತು ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದೆ. ಮಾರನೆಯ ದಿನವೇ ಬಸ್ಸು ಹತ್ತಿ ಬಂದುಬಿಟ್ಟರು, ಅತ್ತೆಯನ್ನೂ ನೋಡಿದ ಹಾಗಾಯಿತು ಎಂದು. ಊಟ ಮಾಡಿ, ಮೂವರೂ ನಡುಮನೆಯಲ್ಲಿ ಕೂತಿದ್ದಾಗ ಅಕ್ಕ ಕೇಳಿದರು.

"ನಿನ್ ಮೊಬೈಲ್ನಾಗೆ ಇನ್ನೂ ಅವೆ ಏನವ್ವ, ಆ ಪಾಠ?"

ಇದ್ದವು. ಹಾಕಿದೆ. ಅಕ್ಕನ ದನಿ ಮನೆ ತುಂಬಿತು, "ನೀರೂ ಬೇಕೂ..."

"ಅಯ್ಯೋ, ಎಷ್ಟ್ ಜೋರಾಗಿ ಕಿರುಚಿವ್ನಿ ನೋಡು, ಕಿವುಡ್ರಿಗ್ ಏಳ್ದಂಗೆ" ಎಂದು ಅಕ್ಕ ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಕಂಡಕ್ಟರಣ್ಣನಿಗಾಗಿ ಬಿಟ್ಟ ಜಾಗ ಬಂತು. ಮೊಬೈಲಿನಿಂದ ಏನೂ ಕೇಳಿಸಲಿಲ್ಲ. ನಾವು ಮೂವರೂ ಗೊತ್ತಿಲ್ಲದೆಯೇ ಕಾಯುತ್ತಿದ್ದೆವು.

"ಕಾಲೂ ನೋವೂ..." ಮತ್ತೆ ಅದೇ ಮೌನ.

ಅಷ್ಟು ತಿಂಗಳು ಅಕ್ಕನ ದನಿಯನ್ನು ಅವರಿಗೆ ಕಳಿಸಿದ್ದೆ, ಯಾರ್ಯಾರದೋ ಹಾಡುಗಳನ್ನೆಲ್ಲ ಕಳಿಸಿದ್ದೆ. ಅವರು ತಿರುಗಿ ಹಾಡಿದ್ದನ್ನು ಹಿಡಿದಿಡಬೇಕೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ದಿನವೂ ಗೋಡೆಯಾಚೆ ಇರುವ ದನಿಯನ್ನು ಹಿಡಿದಿಡುವುದು ಏತಕ್ಕೆ ಎಂದೇ ಇರಬೇಕು...

"ಇದ್ರಲ್ಲಿ ಅವ್ರು ಎಲ್ಲೂ ಇಲ್ಲ ಅಲ್ವಾ?" ಎಂದರು ಅಕ್ಕ.

"ಇಲ್ಲ ಅಕ್ಕ."

ನಾನು ನಿಲ್ಲಿಸಲೆಂದು ಮೊಬೈಲಿಗೆ ಕೈ ಚಾಚಿದೆ. ಅಕ್ಕ ನನ್ನ ಕೈ ತಡೆದರು.

"ಇರ್ಲಿ, ಓಡ್ಲಿ ಬುಡು. ಅವ್ರು ಎಷ್ಟೊತ್ ತಗತಿದ್ರೋ ಅಷ್ಟೊತ್ ನಾವೂ ಕಾಯಾಣ."